ದಾರ ಕಾಣದ ರಾಕೆಟ್ಟು

ನವೆಂಬರ್ 4, ಮಂಗಳವಾರ

ಪುಣೆಯ ತಂಗಿ ಆಮ್ರಪಾಲಿಗೆ ಪತ್ರ ಬರೆಯಲು ಕೂತೆ. ‘ಅಣ್ಣ ಆರಾಮ ಇದ್ದಾನೆ’ ಎಂದು ಮೊದಲ ಸಾಲು ಬರೆದೆ. ಎರಡನೇ ಸಾಲಿಗೆ ಪೆನ್ನು ಏಳಲಿಲ್ಲ. ಬಳಗಕ್ಕೆಲ್ಲ ಪತ್ರ ಬರೆಯುವವಳು ನಾನೇ. ಎಲ್ಲರ ಕೈಗೂ ಫೋನು ಬಂದ ಮೇಲೂ ಬಿಟ್ಟಿಲ್ಲ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು. ನಾನು ಸಾಲಿ ಕಟ್ಟೆ ಹತ್ತಿದವಳಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಇವೇ ನನ್ನ ಮೊದಲ ಪಾಠ. ಹಾಗೆ ಕಲಿತ ಅಕ್ಷರದಲ್ಲಿ ಸುಳ್ಳು ಬರೆಯಲು ಮನಸ್ಸು ಬಾರದು. ಅದಕ್ಕೇ ಆ ಹಾಳೆ ಮಡಚಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರಿಗೂ ಸಮಾಧಾನ ಹೇಳಬೇಕಾಗಿಲ್ಲ.

ಖರೆ ಸಂಗತಿ ಇಷ್ಟು. ಕೇದಾರಿ ಅಣ್ಣನ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ಮಂಗಳವಾರ, ಶುಕ್ರವಾರ ಗೋಕಾಕದ ದವಾಖಾನೆಯಲ್ಲಿ ಡಯಾಲಿಸಿಸ್. ರಕ್ತ ಕೈಯಿಂದ ಹೊರಗೆ ಹೋಗಿ, ಯಂತ್ರದಲ್ಲಿ ಸೋಸಿ, ಮತ್ತೆ ಅದೇ ಕೈಗೆ ಬರಬೇಕು. ಅವನ ಮಗ ಅಜಿತನಿಗೆ ಅರಭಾವಿ ಕಾಲೇಜಿನಲ್ಲಿ ನೌಕರಿ, ಸೊಸೆಗೆ ಅಂಗನವಾಡಿ. ಅತ್ತಿಗೆ ತೀರಿಕೊಂಡಿದ್ದಾಳೆ. ಹೀಗಾಗಿ ಹುಕ್ಕೇರಿಯಲ್ಲಿ ಮಗ ಲಖನನಿಗೆ ಹೇಳಿ ನಾನು ತವರಿಗೆ ಬಂದಿದ್ದೇನೆ, ಅಣ್ಣನ ಜೋಡಿ ಹೋಗಿ ಬರಲಿಕ್ಕೆ.

ಇವತ್ತು ಮಮದಾಪುರ ದಾಟುವಾಗ ಬಸ್ಸು ಕಬ್ಬಿನ ಟ್ರಾಲಿಗಳ ಹಿಂದೆ ಸಿಕ್ಕಿಬಿತ್ತು. ದವಾಖಾನೆಗೆ ಓಡುತ್ತ ಹೋದೆವು. ಅಣ್ಣನ ಬಾಜೂ ಮಂಚಕ್ಕೆ ಹೊಸಬರು ಬಂದಿದ್ದಾರೆ. ನಾನು ಕಂಡ ಕೂಡಲೇ ಗುರುತು ಹಿಡಿದೆ. ನಮ್ಮೂರ ದೊಡ್ಡ ಮನೆಯ ವೀರಪ್ಪ ಸಾವಕಾರ್ರು. ಈಗ ಕಲ್ಲೋಳಿಯಲ್ಲಿ ಮಗನ ಗೊಬ್ಬರದ ಅಂಗಡಿ, ಅಲ್ಲೇ ಇರುತ್ತಾರೆ. ಅವರಿಗೂ ಅದೇ ರೋಗ, ಅದೇ ಯಂತ್ರ. ಅವರು ನಮ್ಮ ಗುರುತು ಹಿಡಿಯಲಿಲ್ಲ. ದೀಪಾ ಸಿಸ್ಟರು “ಕೂಡ್ರಿ ಆಯಿ” ಎಂದು ಸ್ಟೂಲು ತಳ್ಳಿದಳು. ನಿಂತರೇ ಆರಾಮ ಎಂದೆ. ಯಂತ್ರ ನಿಲ್ಲುವ ತನಕ ನಿಂತೇ ಇದ್ದೆ.

ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಹೇಳಿದ:

“ಸಾಕಾತ ತಂಗಿ. ಇನ್ನ ಬ್ಯಾಡ.”

ಏನು ಬೇಡ ಎಂದು ನಾನು ಕೇಳಲಿಲ್ಲ.

ನವೆಂಬರ್ 6, ಗುರುವಾರ

ಇವತ್ತು ಎಲ್ಲರ ಎದುರಿಗೇ ಹೇಳಿದ. ಎರಡು ದಿನ ಯಂತ್ರಕ್ಕೆ ಹೋಗುತ್ತವೆ, ಎರಡು ದಿನ ದಣಿವಿಗೆ. ಉಳಿದ ದಿನ ನೀರು ಕುಡಿಯಲೂ ಅಂಜಬೇಕು. ಇದಕ್ಕೆ ಬಾಳು ಎನ್ನುತ್ತಾರೇನು ಎಂದ. ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಮೊದಲೇ ತಿಳಿಸಿದ್ದಾರೆ. ಅಜಿತ ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಸಂಜೆ ಅಜಿತನ ಮಗಳು ಸಪ್ನಾ ಫೋನು ಹಿಡಿದು ಅಜ್ಜನ ಮಗ್ಗುಲಿಗೆ ಕೂತಳು. “ಅಜ್ಜಾ, ನೀ ಹೇಳತಿದ್ದೆಲ್ಲಾ ರಾಕೆಟ್ಟಿನ ಕಥಿ, ಯಾರೋ ಹಳೇ ಕ್ಯಾಸೆಟ್ಟಿನಿಂದ ತಗದ ಹಾಕ್ಯಾರ ನೋಡು.”

‘ನೀಲಾ ಸ್ಟೇಷನ್’. ಹಿಂದಿಯಲ್ಲಿ ಅದರ ಹೆಸರು ಅದು. ನಮ್ಮ ಕೇರಿಯಲ್ಲಿ ರಾಕೆಟ್ಟಿನ ಕಥೆ. ಆಗ ನನ್ನ ಗಂಡ ಊರೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದರು, ನಾನು ಲಖನನನ್ನು ಸೊಂಟಕ್ಕೆ ಹಾಕಿಕೊಂಡು ತವರಿನಲ್ಲೇ ಇದ್ದೆ. ಪಂಚಾಯಿತಿಗೆ ಟಿವಿ ಮಂಜೂರಾಯಿತು. ಮೂಡಲಗಿಯಿಂದ ಟೆಂಪೋದಲ್ಲಿ ತಂದರು, ಬಾಣಂತಿಯನ್ನು ತರುವ ಹಾಗೆ ಕೌದಿ ಹೊದಿಸಿ. ಆಯಿತವಾರ ಮುಂಜಾನೆ ಆ ಧಾರಾವಾಹಿ. ಚಾವಡಿ ಕಟ್ಟೆಯ ಜಮಖಾನೆಯ ಮೇಲೆ ಊರವರು, ಅಂಗಳದ ಆಚೆ ಬೇವಿನ ಗಿಡದ ಕೆಳಗೆ ನಾವು. ಹೀಗೆ ನಿಲ್ಲಿರಿ ಎಂದು ಯಾರೂ ಅಂದದ್ದಿಲ್ಲ. ನಿಲ್ಲುವ ಜಾಗ ಕಾಲಿಗೇ ಗೊತ್ತಿತ್ತು. ಅಷ್ಟು ದೂರಕ್ಕೆ ಚಿತ್ರ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಆದರೆ ನಮಗೆ ಅಣ್ಣ ಇದ್ದ. ಪುಣೆಯ ಕಾರ್ಖಾನೆಯಲ್ಲಿ ದುಡಿದು ಬಂದವನು, ಹಿಂದಿ ಬಲ್ಲವನು. ಗಿಡದ ಬುಡದ ಕಲ್ಲಿನ ಮೇಲೆ ನಿಂತು, ಟಿವಿಯ ಕಡೆ ಕಿವಿ ಕೊಟ್ಟು, ಅವರು ಆಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ.

ದೂರದ ಒಂದು ಚಂದ್ರನ ಮೇಲೆ ದೀಪದ ಸ್ಟೇಷನ್ನು. ಆಕಾಶದಲ್ಲಿ ಹೋಗಿ ಬರುವ ರಾಕೆಟ್ಟುಗಳಿಗೆ ದಾರಿ ತೋರಿಸುವುದು ಅದರ ಕೆಲಸ. ಒಳಗೆ ಮುದುಕ ಕ್ಯಾಪ್ಟನ್ನು, ಅವನ ಮಂದಿ. ಹೊರಗೆ ಕಲ್ಲು ಧೂಳಿನಲ್ಲಿ ದುಡಿಯುವ ತಗಡಿನ ಯಂತ್ರಮನುಷ್ಯ. ಅಣ್ಣ ಅವನಿಗೆ ಡಬ್ಬ್ಯಾ ಎಂದು ಹೆಸರಿಟ್ಟಿದ್ದ. ಪ್ರತಿ ಕಂತಿನ ಕಡೆಗೂ ಡಬ್ಬ್ಯಾ ಗಾಜಿನ ಬಾಗಿಲ ಹೊರಗೆ ನಿಂತು, “ನಾನೂ ಒಳಗ ಬರ್ಲೇನ್ರಿ?” ಎನ್ನುತ್ತಿದ್ದ. ಕೇರಿಗೆ ಕೇರಿಯೇ “ಬಾರಪಾ, ಬಾ” ಎಂದು ಕೂಗುತ್ತಿತ್ತು.

ಕಡೆಯ ಆಯಿತವಾರ ಸ್ಟೇಷನ್ನು ಮುಚ್ಚುತ್ತಿತ್ತು. ಎಲ್ಲರೂ ರಾಕೆಟ್ಟು ಹತ್ತಿದ್ದರು. ಡಬ್ಬ್ಯಾ ಹೊರಗೆ, ಬಾಗಿಲು ಇಳಿಯುತ್ತಿತ್ತು, ಅರ್ಧ ಇಳಿದಿತ್ತು. ಕರೆಂಟು ಹೋಯಿತು. ಮುಂದೆ ಕೂತವರಿಗೂ ಹೋಯಿತು, ಹಿಂದೆ ನಿಂತವರಿಗೂ ಹೋಯಿತು. ಡಬ್ಬ್ಯಾ ಒಳಗೆ ಬಂದನೋ ಇಲ್ಲವೋ, ನಮ್ಮೂರಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಸಪ್ನಾ ಫೋನು ತೋರಿಸಿದಾಗ ಅಣ್ಣ ಎಷ್ಟೋ ದಿನದ ಮೇಲೆ ಒಂದು ಪ್ರಶ್ನೆ ಕೇಳಿದ. “ಅದರಾಗ ಡಬ್ಬ್ಯಾ ಅದಾನೇನು?”

ಆಮೇಲೆ ಕರಾರಿಗೆ ಬಂದ. ಯಂತ್ರದ ಹತ್ತಿರ ಮಲಗಿದಾಗ ಇದನ್ನು ನೋಡುತ್ತೇನೆ, ಇದು ಮುಗಿಯುವ ತನಕ ಬರುತ್ತೇನೆ, ಮುಗಿದ ಮೇಲೆ ನನ್ನನ್ನು ಕೇಳಬೇಡಿರಿ ಎಂದ. ಅಜಿತ ಹೂಂ ಅಂದ. ನಾನೂ ಅಂದೆ.

ನವೆಂಬರ್ 7, ಶುಕ್ರವಾರ

ಬೇರೆಯವರು ಮಲಗಿರುತ್ತಾರೆ, ಸೌಂಡು ಬೇಡ ಎಂದಳು ದೀಪಾ ಸಿಸ್ಟರು. ಅಣ್ಣ ಅದೇ ಚೊಲೋ ಎಂದ. ಬರಿ ಚಿತ್ರ ಓಡಿತು, ಅವನು ಸಣ್ಣ ದನಿಯಲ್ಲಿ ಹೇಳುತ್ತ ಹೋದ. ಬೇವಿನ ಗಿಡದ ಕೆಳಗೆ ಹೇಳುತ್ತಿದ್ದ ಹಾಗೆಯೇ. ಕಣ್ಣು ಮುಚ್ಚಿದರೆ ಅತ್ತಿಗೆಯ ಬಳೆಯ ಸದ್ದೂ ಕೇಳಿದ ಹಾಗಾಯಿತು. ಕಥೆ ನಡೆಯುವಾಗ ಅವಳು ಶೇಂಗಾ ಸುಲಿಯುತ್ತಿದ್ದಳು. ಡಬ್ಬ್ಯಾ ಬಾಗಿಲಿಗೆ ಬಂದಾಗ ನಾನು “ಬಾರಪಾ” ಎಂದುಬಿಟ್ಟೆ.

ಆಗ ಬಾಜೂ ಮಂಚದಿಂದ ದನಿ ಬಂತು. “ನೀ ನಮ್ಮೂರ ಕೇದಾರಿ ಅಲ್ಲೇನು? ಏನ ಕಥಿ ಹೇಳಾಕತ್ತಿ ನೀ? ಅದು ಹಂಗ ಎಲ್ಲಿತ್ತು?”

ಸಾವಕಾರ್ರು ಆಗ ಹುಡುಗರು, ಟಿವಿಯ ಮುಂದೆ ಮೊದಲ ಸಾಲಿನಲ್ಲೇ ಕೂತು ನೋಡಿದವರು. ಅವರ ಪ್ರಕಾರ ಅದು ಸಪ್ಪೆ ಕಥೆ. ಒಂದೊಂದೇ ಕೊರತೆ ಹೇಳುತ್ತ ಹೋದರು. ರಾಕೆಟ್ಟನ್ನು ಇಳಿಬಿಟ್ಟ ದಾರ ಕಾಣುತ್ತಿತ್ತಂತೆ. ಚಂದ್ರನ ಮೇಲಿನ ಬಂಡೆಗಲ್ಲು ಬಿದ್ದರೆ ಪುಟಿಯುತ್ತಿತ್ತಂತೆ, ಥರ್ಮಾಕೋಲು. ಗಾಳಿಯೇ ಇಲ್ಲದ ಜಾಗದಲ್ಲಿ ಸ್ಟೇಷನ್ನಿನ ಹುಡುಗಿಯೊಬ್ಬಳ ಸೆರಗು ಹಾರುತ್ತಿತ್ತಂತೆ. ವಿಜ್ಞಾನಿಯೊಬ್ಬ ಕಂತಿಗೊಮ್ಮೆ ಬಂದು ಸಾಲಿ ಮಾಸ್ತರರ ಹಾಗೆ ಪಾಠ ಹೇಳಿ ಹೋಗುತ್ತಿದ್ದನಂತೆ.

ನನಗೆ ಸಿಟ್ಟು ಬಂತು. ದಾರ ಗೀರ ನಾವ್ಯಾರೂ ಕಂಡಿಲ್ಲರಿ ಸಾವಕಾರ್ರ ಎಂದೆ. ಅಂಥ ಮಾತುಗಳಿದ್ದ ಕಥೆಯನ್ನು ನಾನು ಮತ್ತೆ ನೋಡಿಯೇ ಇಲ್ಲ, ಆ ಡಬ್ಬ್ಯಾನ ಒಂದು ಮಾತಿಗೆ ಎಲ್ಲ ದಾರ ಮಾಫಿ ಎಂದೆ. ಯಾವ ಮಾತು ಎಂದರು ಅವರು. ಅಷ್ಟರಲ್ಲಿ ಅವರಿಗೆ ಬಿ.ಪಿ. ಇಳಿಯಿತು, ಸಿಸ್ಟರು ಓಡಿ ಬಂದಳು. ಅವರು ನಿದ್ದೆ ಹೋದ ಮೇಲೆ ನಾನು ಸ್ಟೂಲಿನ ಅಂಚಿಗೆ ಕೂತೆ.

ನವೆಂಬರ್ 11, ಮಂಗಳವಾರ

ಏನು ಬರೆಯಲಿ.

ಸಾವಕಾರ್ರು ಬಂದವರೇ ಸಿಸ್ಟರಿಗೆ ಹೇಳಿದರು, ಸ್ವಲ್ಪ ಸೌಂಡು ಬಿಡವಾ, ಇವರ ನ್ಯಾಯ ಒಮ್ಮೆ ಮುಗಿದು ಹೋಗಲಿ ಎಂದು. ಉಳಿದ ಇಬ್ಬರು ರೋಗಿಗಳೂ ಬಿಡ್ರಿ ಬಿಡ್ರಿ ಎಂದರು. ಅಣ್ಣ ಗೋಡೆಯ ಕಡೆ ಹೊರಳಿದ. ನೋವಿರಬೇಕು ಎಂದುಕೊಂಡೆ.

ಡಬ್ಬ್ಯಾ ಬಾಗಿಲಿಗೆ ಬಂದ. ಕೈ ಎತ್ತಿದ. ತಗಡಿನ ದನಿಯಲ್ಲಿ ಆಡಿದ: “ತಾಪಮಾನ್ ಸಾಮಾನ್ಯ. ದಬಾವ್ ಸಾಮಾನ್ಯ.”

ಅಷ್ಟೇ. ಉಷ್ಣತೆ ಸರಿ ಇದೆ, ಒತ್ತಡ ಸರಿ ಇದೆ. ಹಿಂದಿನ ಕಂತು ಹಾಕಿಸಿದೆ. ಅಲ್ಲೂ ಅದೇ. ಅದರ ಹಿಂದಿನದರಲ್ಲೂ ಅದೇ. ಒಳಗೆ ಬರಲೇ ಎಂದು ಅವನು ಒಮ್ಮೆಯೂ ಕೇಳಿಲ್ಲ.

“ಅಣ್ಣಾ, ಇಂವಾ ಏನಂದ?” ಎಂದೆ.

ಅವನು ಹೊರಳಲಿಲ್ಲ. “ಬೇವಿನ ಗಿಡದ ತನಕ ಧ್ವನಿ ಎಲ್ಲಿ ಬರತಿತ್ತ ತಂಗಿ? ನಿಮಗ ಕೇಳದ್ದು ನನಗರ ಹೆಂಗ ಕೇಳಬೇಕು?”

ಹೌದಲ್ಲ! ಒಂದೇ ಗಿಡದ ಕೆಳಗೆ ನಿಂತವರು ನಾವು. ನಮ್ಮ ಕಿವಿಗೆ ಬಾರದ್ದು ಅವನ ಕಿವಿಗೆ ಹೇಗೆ ಬಂದೀತು ಎಂದು ಕೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪುಣೆ ಕಂಡು ಬಂದವನು, ಹಿಂದಿ ಬಲ್ಲವನು, ಬಲ್ಲವನ ಕಿವಿಗೆ ಹಿಂದಿ ತಾನಾಗಿ ಹುಡುಕಿಕೊಂಡು ಬರುತ್ತದೆ ಎಂದು ನಂಬಿಬಿಟ್ಟಿದ್ದೆವು.

ಸಾವಕಾರ್ರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ನನ್ನ ಕಡೆ ಹೊರಳಿ ಕೇಳಿದರು: “ಹಂಗಾರ ಹಿಂದಿನಿಂದ ನೀವೆಲ್ಲಾ ‘ಬಾರಪಾ, ಬಾ’ ಅಂತ ಒದರತಿದ್ರೆಲ್ಲಾ, ಯಾರನ್ನ ಕರೀತಿದ್ರಿ?”

ನಾನು ಹೇಳಿದೆ.

“ನಾವು ತಿರುಗಿ ತಿರುಗಿ ನೋಡತಿದ್ವಿ,” ಎಂದರು. “ಯಾರೂ ಬರತಿರ್ಲಿಲ್ಲ.”

ನವೆಂಬರ್ 12, ಬುಧವಾರ

ಅಣ್ಣನ ಜೋಡಿ ಮಾತಾಡಲಿಲ್ಲ. ರೊಟ್ಟಿ ಬಡಿಯುವಾಗ ನೆನಪಾಗುತ್ತಿತ್ತು, ಎಷ್ಟು ಪತ್ರಗಳಲ್ಲಿ ಆ ಮಾತು ಬರೆದಿದ್ದೇನೆ. ಆಮ್ರಪಾಲಿ ಲಗ್ನವಾಗಿ ಪುಣೆಗೆ ಹೋದ ಹೊಸದರಲ್ಲಿ ಯಾರೂ ನನ್ನ ಜೋಡಿ ಮಾತಾಡುವುದಿಲ್ಲ ಎಂದು ಬರೆದಿದ್ದಳು. ಡಬ್ಬ್ಯಾನ ಹಾಗೆ ಬಾಗಿಲಿಗೆ ನಿಂತು ಬಾಯಿ ಬಿಟ್ಟು ಕೇಳು, ಯಾರಾದರೂ ಬಾರವಾ ಅಂದೇ ಅನ್ನುತ್ತಾರೆ ಎಂದು ಬರೆದೆ. ಕೇಳಿದಳಂತೆ. ಅತ್ತೆ ಅಂದಳಂತೆ. ಲಖನ ನೌಕರಿಗೆ ಹೋದ ಮೊದಲ ದಿನವೂ ಅದನ್ನೇ ಹೇಳಿ ಕಳಿಸಿದ್ದೆ.

ಟಿವಿಯಲ್ಲಿ ಬಂದದ್ದು ಎಂದು ಹೇಳಿದ್ದೆ. ಟಿವಿಯಲ್ಲಿ ಬಂದದ್ದಕ್ಕೆ ಒಂದು ತೂಕ ಇತ್ತು ಆಗ.

ಸಂಜೆ ಅಣ್ಣನಿಗೆ ಅರ್ಧ ಲೋಟ ಗಂಜಿ ಕೊಡುತ್ತ ಕೇಳಿದೆ, ಅದೇ ಮಾತು ಯಾಕೆ ಹೊಳೆಯಿತು ನಿನಗೆ ಎಂದು. ಅವನು ಲೋಟದೊಳಗೇ ನೋಡುತ್ತ, ಅಂವಾ ಗಾಜಿನ ಹೊರಗೆ ನಿಂತಿದ್ದ, ಒಳಗಿನವರು ಉಣ್ಣುತ್ತಿದ್ದರು, ಮತ್ತೆ ಏನೆನ್ನುತ್ತಾನೆ ಎಂದ. ಆಮೇಲೆ ನಕ್ಕ. “ತಾಪಮಾನ ಸಾಮಾನ್ಯ ಅಂತಾನಂತ, ಮಗಾ.”

ನಾನೂ ನಕ್ಕೆ. ಮಾತು ಬಿಟ್ಟದ್ದು ಮರೆತೇ ಹೋಯಿತು.

ನವೆಂಬರ್ 18, ಮಂಗಳವಾರ

ಸ್ಟೂಲು ಎರಡು ಮಂಚಗಳ ನಡುವೆ ಇತ್ತು. ಅಲ್ಲೇ ಕೂತು ಫೋನು ಹಿಡಿದೆ, ಇಬ್ಬರಿಗೂ ಕಾಣುವ ಹಾಗೆ.

“ಸೌಂಡ ಬ್ಯಾಡ,” ಎಂದರು ವೀರಪ್ಪನವರು. “ಆ ಕಥಿ ನಾ ನೋಡೇನಿ. ಕೇದಾರಿ, ನಿಂದು ಹೇಳು.”

ಅಣ್ಣ ಮೊದಲು ನಾಚಿದ. ಎಂಥಾ ನಾಚಿಕೆ ಅದು, ಅರವತ್ತು ದಾಟಿದವನಿಗೆ. ಆಮೇಲೆ ಹತ್ತಿತು ನೋಡು. ಎದುರಿನ ಮಂಚದ ಇಬ್ಬರೂ ಕಿವಿ ಕೊಟ್ಟರು. ದೀಪಾ ಸಿಸ್ಟರು ಬಿ.ಪಿ. ನೋಡಲು ಬಂದವಳು ಪಟ್ಟಿ ಸುತ್ತಿ ಹಾಗೇ ನಿಂತಳು. ದಾರ ಕಂಡಾಗ ವೀರಪ್ಪನವರು ಬೆರಳು ತೋರಿಸಿದರು. ಖರೆ, ಕಾಣಿಸಿತು. ಇಷ್ಟು ಹತ್ತಿರದಿಂದ ನನಗೂ ಕಾಣಿಸಿತು. ಬಂಡೆ ಪುಟಿದದ್ದೂ ಕಾಣಿಸಿತು. ಕಥೆಯ ಕೊರತೆ ಒಂದೇ ಎರಡೇ? ಸ್ಟೇಷನ್ನಿಗೆ ಬೆಂಕಿ ಹತ್ತಿದರೆ ಮುಂದಿನ ಕಂತಿನಲ್ಲಿ ಸುಟ್ಟ ಕಲೆಯೇ ಇಲ್ಲ. ಸತ್ತ ಮನುಷ್ಯ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಾನೆ.

ಆದರೆ ಒಂದು ಕಡೆ ಎಲ್ಲರೂ ಸುಮ್ಮನಾದೆವು. ಭೂಮಿಯ ಮೇಲೆ ಕ್ಯಾಪ್ಟನ್ನನ ಹೆಂಡತಿ ರೇಡಿಯೋದ ಮುಂದೆ ಕೂತಿದ್ದಾಳೆ. ಅವಳು ಆಡಿದ ಮಾತು ಅಲ್ಲಿಗೆ ಮುಟ್ಟಿ, ಅವನ ಉತ್ತರ ಇಲ್ಲಿಗೆ ಬರಲು ತಾಸುಗಟ್ಟಲೆ ಬೇಕು. ಅವಳು ‘ಊಟ ಆಯ್ತಾ’ ಎಂದು ಕೇಳಿ ಅಕ್ಕಿ ಆರಿಸುತ್ತ ಕೂಡುತ್ತಾಳೆ. ಎಷ್ಟೋ ಹೊತ್ತು ಅದನ್ನೇ ತೋರಿಸುತ್ತಾರೆ. ಅಣ್ಣ ಅಲ್ಲಿ ಏನೂ ಹೇಳಲಿಲ್ಲ. ಅವತ್ತು ಬೇವಿನ ಗಿಡದ ಕೆಳಗೂ ಹೇಳಿರಲಿಲ್ಲ, ನೆನಪಿದೆ. ವೀರಪ್ಪನವರು, ಅಲ್ಲಿ ಸೌಂಡೇ ಇರಲಿಲ್ಲ, ನಮಗೂ ಬರಿ ಅಕ್ಕಿ ಕಾಣುತ್ತಿತ್ತು ಎಂದರು. ಹಾಗಾದರೆ ಅದೊಂದನ್ನು ಇಡೀ ಊರು ಒಂದೇ ನಮೂನೆ ನೋಡಿದೆ.

ನವೆಂಬರ್ 21, ಶುಕ್ರವಾರ

ವೀರಪ್ಪಣ್ಣ ದಿಂಬಿನ ಕೆಳಗೆ ಕರದಂಟು ಇಟ್ಟುಕೊಂಡು ಸಿಕ್ಕಿಬಿದ್ದ. ಬೆಲ್ಲ, ಗೋಡಂಬಿ, ಎಲ್ಲ ವರ್ಜ್ಯ. ದೀಪಾ ಸಿಸ್ಟರು ಬೈದು ಕಸಿದುಕೊಂಡಳು. ಮೂಸಿ ನೋಡಾಕ ತಂದಿದ್ದೆ ಎಂದು ಆಣೆ ಮಾಡಿದ. ಅಣ್ಣ ಸೂಜಿ ಚುಚ್ಚಿದ ಕೈ ಅಲುಗದ ಹಾಗೆ ನಗಲು ಬಹಳ ಕಷ್ಟಪಟ್ಟ.

ನವೆಂಬರ್ 28, ಶುಕ್ರವಾರ

ಕಂತುಗಳು ಮುಗಿಯುತ್ತ ಬಂದವು. ಇದನ್ನು ಬರೆಯಬಾರದೆಂದು ಎರಡು ಸಲ ಪೆನ್ನು ಇಟ್ಟೆ.

ನಾನು ಉಪಾಯ ಹೂಡಿದ್ದೇನೆ. ಒಂದು ಕಂತು ಮುಗಿದರೆ ತಕರಾರು ತೆಗೆಯುತ್ತೇನೆ. ಡಬ್ಬ್ಯಾನಿಗೆ ಹಸಿವಿಲ್ಲ ಅಂದಿದ್ದೆ, ಮತ್ತೆ ಬುತ್ತಿ ಕಡೆ ಯಾಕೆ ನೋಡಿದ, ಮೊದಲಿಂದ ಹೇಳು ಎನ್ನುತ್ತೇನೆ. ವೀರಪ್ಪಣ್ಣನಿಗೂ ಕಣ್ಣಲ್ಲೇ ಹೇಳಿದ್ದೇನೆ. ಅವನು ವಿಜ್ಞಾನಿಯ ಪಾಠವನ್ನೇ ಹಿಡಿದು ಜಗ್ಗುತ್ತಾನೆ. ಹೀಗೆ ಒಂದು ಕಂತನ್ನು ಎರಡು ಸಲಕ್ಕೆ ಎಳೆದೆವು.

ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಕಂಬಕ್ಕೆ ಆತುಕೊಂಡು ನಿಂತು, “ನೀ ಯಾಕ ಎಳ್ಯಾಕತ್ತಿ ನನಗ ಗೊತ್ತೈತಿ ತಂಗಿ,” ಎಂದ. ಬಯ್ಯಲಿಲ್ಲ. ಅದೇ ನನಗೆ ಹೆದರಿಕೆ.

ಡಿಸೆಂಬರ್ 2, ಮಂಗಳವಾರ

ಕಡೆಯ ಕಂತು ಇಲ್ಲ. ಕ್ಯಾಸೆಟ್ಟು ಅಷ್ಟಕ್ಕೇ ಮುಗಿದಿತ್ತಂತೆ. ಸಪ್ನಾ ಎಲ್ಲ ಕಡೆ ಹುಡುಕಿದ್ದಾಳೆ. ಎಲ್ಲರೂ ರಾಕೆಟ್ಟು ಹತ್ತಲು ಸಾಮಾನು ಕಟ್ಟುವಲ್ಲಿಗೆ ಫೋನು ಕಪ್ಪಾಯಿತು.

ವೀರಪ್ಪಣ್ಣ ಕೇಳಿದ, ಕಡೆಗೆ ಏನಾಯಿತು ಹೇಳು, ನೀನಂತೂ ಕರೆಂಟಿಗೆ ಕಾಯುವವನಲ್ಲ ಎಂದು. ಅಣ್ಣ ತಲೆ ಆಡಿಸಿದ. “ನನಗ ಅಲ್ಲೀತನಕಾನ ಕಂಡಿತ್ತರಿ ಸಾವಕಾರ್ರ. ಬಾಗ್ಲ ಅರ್ಧಾ ಇಳದಿತ್ತು. ಮುಂದ ನನಗೂ ಕತ್ತಲಿ.”

ಮನೆಗೆ ಬಂದು ಚಪ್ಪಲಿ ಬಿಟ್ಟು, ಅವನ್ನು ಎತ್ತಿ ಮೂಲೆಗೆ ಇಟ್ಟ. ಕಥೆ ಮುಗಿದಿಲ್ಲ, ಕರಾರು ಮುಗಿದಿಲ್ಲ ಎಂದು ನಾನು ವಾದಿಸಿದೆ. ಸಿಕ್ಕಷ್ಟು ಮುಗಿಯಿತು, ಮಾತು ಮಾತೇ ಎಂದ.

ಡಿಸೆಂಬರ್ 5, ಶುಕ್ರವಾರ

ಏಳಲಿಲ್ಲ. ನಾನು ಸೀರೆ ಉಟ್ಟು, ಚೀಲ ಹಿಡಿದು, ಬಸ್ಸಿನ ತನಕ ಹೋಗಿ ನಿಂತೆ. ಬಸ್ಸು ಬಂತು. ಗೋಕಾಕ ಎಂದು ಓದಿದೆ. ಹೋಯಿತು.

ಡಿಸೆಂಬರ್ 6, ಶನಿವಾರ

ಬಾಬಾಸಾಹೇಬರ ಫೋಟೋದ ಮುಂದೆ ಮೇಣಬತ್ತಿ ಹಚ್ಚಿದೆವು. ಪ್ರತಿ ವರ್ಷ ಅಣ್ಣನೇ ಹಚ್ಚುತ್ತಿದ್ದ. ಈ ಸಲ ಸಪ್ನಾ ಹಚ್ಚಿದಳು, ಅವನು ಗೋಡೆಗೆ ಒರಗಿ ಕೈ ಮುಗಿದ. ಕಾಲು ಬಾತಿವೆ. ಒತ್ತಿದರೆ ಬೆರಳು ಮೂಡುತ್ತದೆ. ಅಡ್ಡಾದರೆ ಉಸಿರು ಹತ್ತುತ್ತದೆ, ಅದಕ್ಕೆ ಕೂತೇ ಇರುತ್ತಾನೆ. ಅಜಿತ ಕಾಲು ಹಿಡಿದು ಬೇಡಿಕೊಂಡ. ಅಣ್ಣ ಅವನ ತಲೆ ಸವರಿದ, ಹೂಂ ಅನ್ನಲಿಲ್ಲ.

ಆಮ್ರಪಾಲಿಯ ಫೋನು ಬಂತು. ಪತ್ರ ಯಾಕಿಲ್ಲ ಎಂದು ಕೇಳಿದಳು. ಪೆನ್ನು ಬರುತ್ತಿಲ್ಲ ಎಂದೆ. ಅದು ಸುಳ್ಳೇನಲ್ಲ.

ಡಿಸೆಂಬರ್ 9, ಮಂಗಳವಾರ

ಇವತ್ತಿನದನ್ನು ಎಲ್ಲ ಬರೆಯಬೇಕು, ಕೈ ನೋಯಲಿ.

ಮುಂಜಾನೆ ನಾನು ಒಲೆಯ ಮುಂದಿದ್ದೆ. ಅಣ್ಣ ಪಡಸಾಲೆಯಲ್ಲಿ ಎರಡು ದಿಂಬಿಗೆ ಒರಗಿ ಕೂತಿದ್ದ. ಕೇರಿಯ ಬಾಯಿಗೆ ಒಂದು ಕಾರು ಬಂದು ನಿಂತಿತು. ಒಳಗೆ ಬರುವಷ್ಟು ಓಣಿ ಅಗಲವಿಲ್ಲ. ವೀರಪ್ಪಣ್ಣ ಮಗನ ಹೆಗಲು ಹಿಡಿದು ನಡೆದು ಬಂದ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಅವರ ಮನ್ಯಾಗಿನವರು ಓಟು ಕೇಳಲು ಕೇರಿಗೆ ಬಂದದ್ದುಂಟು, ಕಟ್ಟೆಯ ತನಕ. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು.

ನಮ್ಮ ಹೊಸ್ತಿಲ ಹೊರಗೆ ಬಂದು ಮಗನ ಹೆಗಲು ಬಿಟ್ಟ. ಚಪ್ಪಲಿ ಕಳಚಿದ. ಚೌಕಟ್ಟು ಹಿಡಿದು ನಿಂತ. ಉಸಿರು ಹತ್ತಿತ್ತು. ಏನಾದರೂ ನಗೆಮಾತು ಆಡುತ್ತಾನೆ ಎಂದುಕೊಂಡೆ. ಆದರೆ ನಗಲಿಲ್ಲ, ನೆಲ ನೋಡುತ್ತ ಕೇಳಿದ:

“ನಾನೂ ಒಳಗ ಬರ್ಲೇನ್ರಿ?”

ನನ್ನ ಕೈಯಲ್ಲಿ ಹಿಟ್ಟಿತ್ತು. ಅಣ್ಣ ದಿಂಬಿನಿಂದ ಎದ್ದು ಕೂತ. ಬಹಳ ಹೊತ್ತು ಅವನನ್ನೇ ನೋಡಿದ. ಆಮೇಲೆ ಹೇಳಿದ:

“ಬಾರಪಾ. ಬಾ.”

ಇಬ್ಬರಿಗೂ ನೀರು ಅಳತೆಯದು. ಒಂದೇ ಕಪ್ಪು ಚಹಾ ಮಾಡಿ ಅರ್ಧ ಅರ್ಧ ಕೊಟ್ಟೆ. ಅಣ್ಣನಿಗೆ ಕೊಟ್ಟಂಥದೇ ಕಪ್ಪಿನಲ್ಲಿ ವೀರಪ್ಪಣ್ಣ ಕುಡಿದ. ಕಪ್ಪು ಕೆಳಗಿಟ್ಟು, ಕಲ್ಲೋಳಿಯಿಂದ ಇಷ್ಟು ದೂರ ಸುತ್ತು ಹಾಕಿ ಬಂದದ್ದು ಯಾಕೆ ಗೊತ್ತೇನು ಎಂದ. ಶುಕ್ರವಾರ ಬಾಜೂ ಮಂಚ ಖಾಲಿ ಇತ್ತು, ಸಿಸ್ಟರು ಚಾದರ ಬದಲಿಸಿ ಬೇರೆಯವರಿಗೆ ಕೊಡಲೇ ಎಂದು ಕೇಳಿದಳು, ಕೊಡಬ್ಯಾಡ ಎಂದೆ, ಅಲ್ಲಿ ನಮ್ಮ ಮನುಷ್ಯ ಅದಾನ ಎಂದೆ ಅಂದ. ಬಾ ಎಂದು ಒಮ್ಮೆಯೂ ಅನ್ನಲಿಲ್ಲ.

ಅಣ್ಣ ನನ್ನ ಕಡೆ ನೋಡಿದ. “ನನ್ನ ಚಪ್ಪಲಿ ಮೂಲ್ಯಾಗ ಇಟ್ಟೇನಿ, ತಗದ ಕೊಡು.”

ದವಾಖಾನೆಯಲ್ಲಿ ಡಾಕ್ಟರು ಬೈದರು, ಬಹಳ ಬೈದರು. ಯಂತ್ರ ಹತ್ತಿತು. ಸ್ವಲ್ಪ ಉಸಿರು ಹಗುರಾದ ಮೇಲೆ ಅಣ್ಣ ತಾನಾಗಿಯೇ ಶುರು ಮಾಡಿದ. ಫೋನಿಲ್ಲ, ಚಿತ್ರವಿಲ್ಲ.

“ಎಲ್ಲಾರೂ ರಾಕೆಟ್ಟ ಹತ್ತಿದ್ರು. ಬಾಗ್ಲ ಇಳ್ಯಾಕತ್ತಿತ್ತು. ಡಬ್ಬ್ಯಾ ಹೊರಗ ನಿಂತ ಕೇಳಿದ, ನಾನೂ ಒಳಗ ಬರ್ಲೇನ್ರಿ ಅಂತ. ಒಳಗಿನವರು ಒಬ್ಬರ ಮಾರಿ ಒಬ್ಬರು ನೋಡಿದ್ರು.”

ಒಳಗ ಬಂದನೇ ಎಂದು ಎದುರಿನ ಮಂಚದವರು ಕೇಳಿದರು.

“ಇಲ್ಲ. ಅಂವಾ ಒಳಗ ಹೋಗ್ಲಿಲ್ಲ. ಮುದುಕ ಕ್ಯಾಪ್ಟನ್ ಬಗ್ಗಿ, ಅರ್ಧಾ ಇಳದ ಬಾಗ್ಲದಾಗಿಂದ ನುಸುಳಿ, ಹೊರಗ ಬಂದ. ಧೂಳಾಗ ಡಬ್ಬ್ಯಾನ ಬಾಜೂ ಕುಂತ. ಸ್ಟೇಷನ್ನಿನ ದೀಪಾ ಆರೂತನಕ ಇಬ್ಬರೂ ಕೂಡೇ ಕಾಯೂಣು ಅಂದ.”

ವೀರಪ್ಪಣ್ಣ ಮೇಲಿನ ಫ್ಯಾನು ನೋಡುತ್ತಿದ್ದ, ಕಣ್ಣು ತೇವವಾಗಿತ್ತು. ನನಗೆ ತಡೆಯಲಿಲ್ಲ. ಕಥೆಯಲ್ಲಿ ತಪ್ಪಿದೆ ಅಣ್ಣಾ ಎಂದೆ, ಕ್ಯಾಪ್ಟನ್ನೇ ಕೆಳಗೆ ಇಳಿದರೆ ರಾಕೆಟ್ಟು ಯಾರು ನಡೆಸಬೇಕು?

“ದಾರ ಐತೆಲ್ಲಾ,” ಎಂದ ವೀರಪ್ಪಣ್ಣ. “ಮ್ಯಾಲಿಂದ ಜಗ್ಗತಾರ.”

ದೀಪಾ ಸಿಸ್ಟರು ನಕ್ಕು ಗೋಡೆಗೆ ಆತುಕೊಂಡಳು. ಹಾಗಾದರೆ ಅವನ ಹೆಂಡತಿ, ಅಲ್ಲಿ ಅಕ್ಕಿ ಆರಿಸುತ್ತ ಕೂತವಳು, ಅವಳ ಗತಿ ಏನು ಎಂದು ನಾನು ಬಿಡಲಿಲ್ಲ. ಅಣ್ಣ ಕಣ್ಣು ಮುಚ್ಚಿದ್ದ. ಮುಖದಲ್ಲಿ ದಣಿವಿತ್ತು, ನಗೆಯೂ ಇತ್ತು.

“ಎಲ್ಲಾ ಕೊರತಿ ಇವತ್ತ ತಗದ ಮುಗಿಸಿದ್ರ,” ಎಂದ, “ಶುಕ್ರವಾರಕ್ಕ ಏನ ಉಳೀತೈತಿ?”

ಡಿಸೆಂಬರ್ 12, ಶುಕ್ರವಾರ

ಬಸ್ಸಿನ ಹೊತ್ತಾಯಿತು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತಿದ್ದಾನೆ, ಕಬ್ಬಿನ ಟ್ರಾಲಿ ಸಿಕ್ಕರೆ ತಡವಾಗುತ್ತದೆ ಎಂದು ಕೂಗುತ್ತಿದ್ದಾನೆ.

ಅವತ್ತು ಮಡಚಿಟ್ಟ ಆಮ್ರಪಾಲಿಯ ಪತ್ರ ಇವತ್ತು ತೆಗೆದೆ. ‘ಅಣ್ಣ ಆರಾಮ ಇದ್ದಾನೆ’ ಎಂಬ ಸಾಲಿನಲ್ಲಿ ಒಂದು ಶಬ್ದ ಹೊಡೆದು ಹಾಕಿದೆ. ‘ಅಣ್ಣ ಇದ್ದಾನೆ’ ಎಂದು ಉಳಿಯಿತು.